ಬೋನಿನ ಮಂಗನ ಮೈಗೂದಲು ತಿಂದವರು ಯಾರು?

ಎರಡು ವರ್ಷದ ಹಿಂದೆ ಸಂಕ್ರಾಂತಿ ರಜೆಯಲ್ಲಿ ಮನೆಯವರ ಜೊತೆ ಒಂದು ಮೃಗಾಲಯಕ್ಕೆ ಹೋಗಿದ್ದೆ. ಯಾವುದು ಅನ್ನೋದು ಬೇಡ. ಮಂಗಗಳ ಬೋನಿನ ಮುಂದೆ ಜನ ಸೇರಿದ್ದರು. ಕಾರಣ ಒಂದು ಹೆಣ್ಣು ಕೋತಿ. ಎರಡೂ ಮುಂಗೈ ಬೋಳು, ತೊಡೆಯ ಒಳಭಾಗ ಬೋಳು, ಪಕ್ಕೆಯಲ್ಲಿ ಅಂಗೈ ಅಗಲದಷ್ಟು ಬೋಳು. ಬೂದುಬಣ್ಣದ ಚರ್ಮ ಬಿಸಿಲಿಗೆ ಹೊಳೆಯುತ್ತಿತ್ತು.

"ಹುಳುಕಡ್ಡಿ ಕಣೇ ಅದು, ಮಗೂನ ಹತ್ರ ಬಿಡಬೇಡ," ಅಂದರು ಒಬ್ಬ ಅಜ್ಜಿ. "ಸರಿಯಾಗಿ ಊಟ ಹಾಕಲ್ಲ ಇವರು," ಅಂದ ಇನ್ನೊಬ್ಬ. ಕಾಲೇಜು ಹುಡುಗನೊಬ್ಬ ಆಗಲೇ ಮೊಬೈಲಲ್ಲಿ ವಿಡಿಯೊ ಮಾಡುತ್ತಿದ್ದ. ನಾನು ಇಪ್ಪತ್ತು ನಿಮಿಷ ಅಲ್ಲೇ ನಿಂತೆ. ಆ ಕೋತಿ ಹೆಬ್ಬೆರಳು ತೋರುಬೆರಳಿನ ನಡುವೆ ತೊಡೆಯ ಒಂದು ಕೂದಲು ಹಿಡಿಯಿತು. ಎಳೆಯಿತು. ಬುಡವನ್ನು ಕಣ್ಣಿನ ಹತ್ತಿರ ತಂದು ನೋಡಿತು. ತುಟಿಯ ಮೇಲೆ ಎಳೆದುಕೊಂಡು ಬಿಟ್ಟಿತು. ಮತ್ತೊಂದು. ಆ ಬೋಳು ಜಾಗದಲ್ಲಿ ಕೆಂಪಿಲ್ಲ, ಹೊಟ್ಟಿಲ್ಲ, ಗಾಯವಿಲ್ಲ. "ಇದು ಹುಳುಕಡ್ಡಿ ಅಲ್ಲ, ಬೋನಿನ ಬೇಸರ," ಅಂತ ನಾನೂ ಮನಸ್ಸಿನಲ್ಲೇ ತೀರ್ಪು ಕೊಟ್ಟೆ.

ನಾವು ಮೂವರೂ ನಿಂತ ನಿಲುವಿನಲ್ಲೇ ಕಾರಣ ಹೇಳಿಬಿಟ್ಟಿದ್ದೆವು. ಸೆರೆಯಲ್ಲಿರುವ ಮಂಗಗಳ ಕೂದಲು ಉದುರುವ ವಿಚಾರದಲ್ಲಿ ಜಗತ್ತಿನಾದ್ಯಂತ ಆಗುತ್ತಿರುವ ಎಡವಟ್ಟೂ ಇದೇ. ಬೋಳು ಕಂಡ ಕೂಡಲೇ ಯಾರ ಮೇಲಾದರೂ ಹೊರಿಸುವುದು. ಮೊದಲು ಸಿಗುವುದು ಫಂಗಸ್.

ಕೋತಿ ತಾನು ಮೊಸರು ತಿಂದು ಮೇಕೆ ಮೂತಿಗೆ ಒರೆಸಿತು ಅನ್ನೋ ಗಾದೆ ಗೊತ್ತಲ್ಲ. ಈ ಕಥೆಯಲ್ಲಿ ಎಷ್ಟೋ ಸಲ ಆ ಮೇಕೆ ಫಂಗಸ್ಸೇ. ಮೊಸರು ತಿಂದವರು ಬೇರೆ.

ಹಾಗಂತ ಮೇಕೆ ಪಾಪದ್ದು ಅಂತಲೂ ಅಲ್ಲ. ಚರ್ಮದ ಫಂಗಸ್ ಮಂಗಗಳಿಗೆ ಬರುತ್ತದೆ, ಬಂದರೆ ನೋಡಿಕೊಳ್ಳುವವರಿಗೂ ಹತ್ತುತ್ತದೆ. ನಾವು ಹುಳುಕಡ್ಡಿ, ಗಜಕರ್ಣ ಅಂತ ಕರೆಯುವ ಕಾಯಿಲೆಯಲ್ಲಿ ಯಾವ ಹುಳವೂ ಇಲ್ಲ. ಕೂದಲು, ಉಗುರು, ಚರ್ಮದ ಮೇಲ್ಪದರ ಇವುಗಳಲ್ಲಿರುವ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನೇ ತಿಂದು ಬದುಕುವ ಫಂಗಸ್‌ಗಳ ಗುಂಪು ಇದು. ಬದುಕಿರುವ ಒಳಚರ್ಮಕ್ಕೆ ಅದು ಸಾಮಾನ್ಯವಾಗಿ ಇಳಿಯುವುದಿಲ್ಲ. ಮೇಲೇ ಹರಡುತ್ತಾ ಹೋಗುತ್ತದೆ. ನಡುವೆ ವಾಸಿಯಾಗುತ್ತಾ ಅಂಚಿನಲ್ಲಿ ಬೆಳೆಯುವುದರಿಂದ ಉಂಗುರದ ಆಕಾರ ಬರುತ್ತದೆ. ಕೂದಲಿನೊಳಗೆ ಹೊಕ್ಕರೆ ಕೂದಲು ಟೊಳ್ಳಾಗಿ, ಚರ್ಮದಿಂದ ಸ್ವಲ್ಪ ಮೇಲೆ ಪಟ್ಟಂತ ಮುರಿಯುತ್ತದೆ.

ಈ ಮುರಿಯುವುದು ಒಂದು ಒಳ್ಳೆಯ ಸುಳಿವು. ಫಂಗಸ್ ಇರುವಲ್ಲಿ ಬೋಳು ಪೂರ್ತಿ ನುಣುಪಾಗಿರುವುದಿಲ್ಲ. ಗಡ್ಡ ಬೋಳಿಸಿದ ಮಾರನೆಯ ದಿನದ ಹಾಗೆ ಮೋಟು ಕೂದಲು ಕೈಗೆ ಸಿಗುತ್ತದೆ. ಸುತ್ತ ಹೊಟ್ಟು, ಅಂಚಿನಲ್ಲಿ ಕೆಂಪು, ಕೆಲವೊಮ್ಮೆ ಹಕ್ಕಳೆ. ಕಿತ್ತು ಬೋಳಾದ ಜಾಗದಲ್ಲಿ ಇವು ಸಾಮಾನ್ಯವಾಗಿ ಕಾಣುವುದಿಲ್ಲ. ಕೂದಲು ಬುಡಸಮೇತ ಹೋಗಿರುತ್ತದೆ, ಚರ್ಮ ಸ್ವಚ್ಛವಾಗಿರುತ್ತದೆ. ಇನ್ನೊಂದು ಸುಳಿವು ಜಾಗ. ಮುಂಗೈ, ತೊಡೆ, ಹೊಟ್ಟೆ, ಅಂದರೆ ತನ್ನ ಕೈಗೆ ಸುಲಭವಾಗಿ ಸಿಗುವ ಕಡೆ ಮಾತ್ರ ಬೋಳಾಗಿದ್ದರೆ ಕೀಳುತ್ತಿರುವುದು ತಾನೇ ಇರಬಹುದು. ಬೆನ್ನಿನ ನಡುವೆ ಬೋಳಾಗಿದ್ದರೆ ಗುಂಪಿನಲ್ಲಿ ಯಾರೋ ಮೇಲಿನವರು ಕೀಳುತ್ತಿರಬಹುದು. ಇರಬಹುದು ಅಂತಲೇ ಹೇಳುತ್ತೇನೆ. ಇದು ಕಣ್ಣಳತೆಯ ಅಂದಾಜು ಅಷ್ಟೇ.

ಖಚಿತ ಮಾಡಿಕೊಳ್ಳಲು ಪರೀಕ್ಷೆಗಳಿವೆ, ದುಬಾರಿಯೂ ಅಲ್ಲ. ಬೋಳಿನ ಅಂಚಿನಿಂದ ಒಂದಿಷ್ಟು ಹೊಟ್ಟು, ನಾಲ್ಕು ಮುರಿದ ಕೂದಲು ತೆಗೆದು ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹನಿಯಲ್ಲಿಟ್ಟರೆ ಕೆರಾಟಿನ್ ಕರಗುತ್ತದೆ, ಫಂಗಸ್‌ನ ಎಳೆಗಳು ಮೈಕ್ರೋಸ್ಕೋಪಿನಲ್ಲಿ ಕಾಣುತ್ತವೆ. ಅದೇ ಮಾದರಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಬಹುದು. ಆದರೆ ಅದಕ್ಕೆ ಎರಡರಿಂದ ನಾಲ್ಕು ವಾರ ಕಾಯಬೇಕು. ಕಾಯುವುದು ಯಾರಿಗೂ ಇಷ್ಟವಿಲ್ಲ, ತೊಂದರೆ ಶುರುವಾಗುವುದೇ ಅಲ್ಲಿ. ನೇರಳಾತೀತ ಬೆಳಕು ಚೆಲ್ಲುವ ವುಡ್ಸ್ ಲ್ಯಾಂಪ್ ಕತ್ತಲ ಕೋಣೆಯಲ್ಲಿ ಹಿಡಿದರೆ ಮೈಕ್ರೋಸ್ಪೋರಮ್ ಕ್ಯಾನಿಸ್ ಎಂಬ ಫಂಗಸ್ ಹತ್ತಿದ ಕೂದಲು ಹಸಿರು ಸೇಬಿನ ಬಣ್ಣಕ್ಕೆ ಹೊಳೆಯುತ್ತದೆ. ನೋಡಲು ಚೆಂದ. ಆದರೆ ಅದರಲ್ಲೂ ಎಲ್ಲ ತಳಿಗಳು ಹೊಳೆಯುವುದಿಲ್ಲ. ಮಂಗಗಳಲ್ಲಿ ಸಿಗುವ ಇನ್ನೊಂದು ಮುಖ್ಯ ಫಂಗಸ್ ಟ್ರೈಕೋಫೈಟಾನ್ ಮೆಂಟಾಗ್ರೋಫೈಟಿಸ್ ಅಂತೂ ಹೊಳೆಯುವುದೇ ಇಲ್ಲ. ದೀಪದಲ್ಲಿ ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ಫಂಗಸ್ ಇಲ್ಲ ಅಂತ ಆಗುವುದಿಲ್ಲ.

ಉಲ್ಟಾ ತಪ್ಪೂ ಇದೆ. ಲ್ಯಾಬಿನಲ್ಲಿ ಫಂಗಸ್ ಬೆಳೆಯಿತು ಅಂದ ಮಾತ್ರಕ್ಕೆ ಕೂದಲು ಉದುರಿಸಿದ್ದು ಅದೇ ಅಂತಲೂ ಅಲ್ಲ. ಮೈಮೇಲೆ ಫಂಗಸ್ ಬೀಜಕಗಳನ್ನು ಹೊತ್ತುಕೊಂಡು ಯಾವ ತೊಂದರೆಯೂ ಇಲ್ಲದೆ ಓಡಾಡುವ ಪ್ರಾಣಿಗಳಿವೆ. ಕೆಲವು ಫಂಗಸ್‌ಗಳ ಮನೆಯೇ ಮಣ್ಣು. ಮಣ್ಣಿನಲ್ಲಿ ಹೊರಳಾಡಿದ ಮಂಗನ ಮೈಯಲ್ಲಿ ಅವು ಸಿಕ್ಕರೆ ಆಶ್ಚರ್ಯವೇನಿಲ್ಲ. ಚರ್ಮದ ಮೇಲಿನ ಗುರುತು, ಮೈಕ್ರೋಸ್ಕೋಪು, ಲ್ಯಾಬು, ಮೂರೂ ಒಂದೇ ಮಾತು ಹೇಳಿದರೆ ಮಾತ್ರ ನಂಬಬೇಕು.

ಇಲ್ಲಿ ಹೆಸರುಗಳ ಒಂದು ತಮಾಷೆ ಇದೆ. 1912ರಲ್ಲಿ ಪಿನಾಯ್ ಎಂಬ ವಿಜ್ಞಾನಿ ಮಂಗನ ಚರ್ಮದ ಒಂದು ಫಂಗಸ್‌ಗೆ 'ಸಿಮಿ' ಅಂತ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಸಿಮಿಯಾ ಅಂದರೆ ಮಂಗ. ಇವತ್ತು ಅದನ್ನು ಟ್ರೈಕೋಫೈಟಾನ್ ಸಿಮಿ ಅನ್ನುತ್ತಾರೆ. ಅದು ಮುಖ್ಯವಾಗಿ ಭಾರತದ್ದೇ. ಆದರೆ ಮಂಗಕ್ಕಿಂತ ಕೋಳಿಗಳಲ್ಲೇ ಅದರ ಸುದ್ದಿ ಜಾಸ್ತಿ, ನಾಯಿಗೂ ಮನುಷ್ಯರಿಗೂ ಹತ್ತುತ್ತದೆ. ಹೆಸರು ಮಾತ್ರ ಮಂಗನದು. ನಾವೇನು ಕಮ್ಮಿಯೇ? ಕೆನ್ನೆ ಊದಿದರೆ ಮಂಗನ ಬಾವು. ಮಂಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಕಂಡ ಜ್ವರ ಮಂಗನ ಕಾಯಿಲೆ. ಅಲ್ಲೂ ವೈರಸ್ ಹೊತ್ತು ಕಚ್ಚುವುದು ಉಣುಗು, ಸಾಯುವುದು ಮಂಗ. ಮೇಕೆ ಮೂತಿಗೆ ಮೊಸರು ಒರೆಸಿದ ಕೋತಿಯ ಮೇಲೆ ನಾವು ಸರಿಯಾಗಿಯೇ ಸೇಡು ತೀರಿಸಿಕೊಂಡಿದ್ದೇವೆ.

ಹಾಗಾದರೆ ಕೂದಲು ಉದುರಿದ ಮಂಗಗಳಲ್ಲಿ ನಿಜವಾಗಿ ಏನು ನಡೆದಿರುತ್ತದೆ? ಇದನ್ನು ಜಾಸ್ತಿ ಕೆದಕಿದ್ದು ಅಮೆರಿಕದ ಸಂಶೋಧನಾ ಕೇಂದ್ರಗಳು. ಅಲ್ಲಿರುವುದು ಬಹುಪಾಲು ರೀಸಸ್ ಕೋತಿ, ನಮ್ಮ ಉತ್ತರ ಭಾರತದ ಕೆಂಪು ಮುಖದ ಕೋತಿ. 1978ರಲ್ಲಿ ಭಾರತ ಇವುಗಳ ರಫ್ತು ನಿಲ್ಲಿಸಿತು. ಅದಕ್ಕೂ ಮೊದಲು ಹೋದವುಗಳ ಸಂತಾನ ಅಲ್ಲಿ ಇನ್ನೂ ಬೆಳೆಯುತ್ತಿದೆ, 'ಭಾರತ ಮೂಲದ ರೀಸಸ್' ಅಂತಲೇ ಕರೆಯುತ್ತಾರೆ. 1985ರಲ್ಲಿ ಅಮೆರಿಕ ತನ್ನ ಪ್ರಾಣಿ ಕಲ್ಯಾಣ ಕಾಯ್ದೆಗೆ ತಿದ್ದುಪಡಿ ತಂದು, ಸೆರೆಯಲ್ಲಿರುವ ಮಂಗಗಳ ಮನಸ್ಸಿನ ಆರೋಗ್ಯವನ್ನೂ ನೋಡಿಕೊಳ್ಳಬೇಕು ಅಂದಿತು. ಮನಸ್ಸು ಹೊರಗೆ ಕಾಣುವುದಿಲ್ಲ, ಕೂದಲು ಕಾಣುತ್ತದೆ. ಹೀಗಾಗಿ ಮೈಗೂದಲು ಒಂದು ರೀತಿಯ ಮಾರ್ಕ್ಸ್ ಕಾರ್ಡ್ ಆಯಿತು.

2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂಕಿಗಳನ್ನು ನೋಡಿ. ಅಮೆರಿಕದ 4 ಕೇಂದ್ರಗಳಲ್ಲಿ 1,258 ರೀಸಸ್ ಕೋತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು. ಕೂದಲು ಉದುರಿದವುಗಳ ಪ್ರಮಾಣ ಕೇಂದ್ರದಿಂದ ಕೇಂದ್ರಕ್ಕೆ ಶೇ 34ರಿಂದ ಶೇ 86ರವರೆಗೆ, ಸರಾಸರಿ ಸುಮಾರು ಅರ್ಧ. ಒಂದೇ ಜಾತಿ, ಒಂದೇ ದೇಶ, ಹೆಚ್ಚು ಕಡಿಮೆ ಒಂದೇ ಬಗೆಯ ನಿಯಮ. ಆದರೂ ಇಷ್ಟು ಅಂತರ. ಜಾಗ ಬದಲಾದರೆ ಕೂದಲಿನ ಗತಿ ಬದಲಾಗುತ್ತದೆ ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಆದರೆ ನನ್ನಂಥವರ ಬಾಯಿ ಮುಚ್ಚಿಸಿದ್ದು ಅದೇ ಅಧ್ಯಯನದ ಇನ್ನೊಂದು ಅಂಕಿ. ಕೂದಲು ಕೀಳುವ ಅಭ್ಯಾಸ ಇದೆ ಅಂತ ದಾಖಲಾದ ಕೋತಿಗಳು ಸರಾಸರಿ ಶೇ 7.7 ಮಾತ್ರ. ಕೀಳುವವು ಬೋಳಾಗುವ ಸಾಧ್ಯತೆ ಜಾಸ್ತಿ, ನಿಜ. ಆದರೆ ಅರ್ಧದಷ್ಟು ಕೋತಿಗಳ ಬೋಳಿಗೆ ಅದು ಉತ್ತರವಾಗುವುದಿಲ್ಲ. ಲಿಂಗದ ವ್ಯತ್ಯಾಸ ಕಂಡ ಕೇಂದ್ರಗಳಲ್ಲಿ ಇನ್ನೂ ವಿಚಿತ್ರ: ಬೋಳಾದವು ಹೆಣ್ಣುಗಳು ಜಾಸ್ತಿ, ಕೀಳುವವು ಗಂಡುಗಳು ಜಾಸ್ತಿ. ಕೋತಿ ಯಾರೂ ನೋಡದಾಗ ಕಿತ್ತರೆ ದಾಖಲೆಗೆ ಬರುವುದಿಲ್ಲ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೂ ಇಷ್ಟು ದೊಡ್ಡ ಅಂತರವನ್ನು ಕದ್ದು ಕೀಳುವುದೊಂದೇ ತುಂಬುತ್ತದೆ ಅಂತ ನನಗನ್ನಿಸುವುದಿಲ್ಲ.

ಅಂದರೆ 'ಫಂಗಸ್' ಅನ್ನುವುದು ಎಷ್ಟು ಅವಸರದ ಉತ್ತರವೋ 'ಬೇಸರಕ್ಕೆ ಕಿತ್ತುಕೊಂಡಿದೆ' ಅನ್ನುವುದೂ ಅಷ್ಟೇ ಅವಸರದ್ದು. ಎರಡನೆಯದರಲ್ಲಿ ಸ್ವಲ್ಪ ಕರುಣೆ ಬೆರೆತಿದೆ, ಅದಕ್ಕೆ ಕೇಳಲು ಚೆನ್ನಾಗಿರುತ್ತದೆ. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಕೂದಲಿನಲ್ಲಿ ಉಳಿಯುತ್ತದೆ, ಅಳೆಯಬಹುದು. ಬೋಳಾದ ಕೋತಿಗಳಲ್ಲಿ ಅದು ಜಾಸ್ತಿ ಕಂಡದ್ದೂ ಉಂಟು. ಆದರೆ ಎಲ್ಲ ಕೇಂದ್ರಗಳಲ್ಲೂ ಆ ಲೆಕ್ಕ ಒಂದೇ ಥರ ಬರಲಿಲ್ಲ.

ನನಗೆ ಹೆಚ್ಚು ಅರ್ಥಪೂರ್ಣ ಅನ್ನಿಸಿದ್ದು ನೆಲದ ಕಥೆ. ಕ್ಯಾಲಿಫೋರ್ನಿಯಾದ ಕೇಂದ್ರದಲ್ಲಿ ರೀಸಸ್ ಗುಂಪುಗಳು ದೊಡ್ಡ ಬಯಲು ಆವರಣಗಳಲ್ಲಿವೆ. ಕೆಲವು ಆವರಣಗಳಲ್ಲಿ ಹುಲ್ಲು, ಕೆಲವುಗಳಲ್ಲಿ ಜಲ್ಲಿ. 2008ರ ಹೊತ್ತಿಗೆ ಬಂದ ಅಧ್ಯಯನ ಇವೆರಡನ್ನೂ ಹೋಲಿಸಿತು. ಜಲ್ಲಿಯ ಮೇಲಿದ್ದ ಕೋತಿಗಳ ಕೂದಲ ಸ್ಥಿತಿ ಹುಲ್ಲಿನ ಮೇಲಿದ್ದವುಗಳಿಗಿಂತ ಕೆಟ್ಟದಾಗಿತ್ತು. ಯಾಕೆ? ಕಾಡಿನಲ್ಲಿ ಕೋತಿಯ ಬೆರಳುಗಳಿಗೆ ದಿನವಿಡೀ ಕೆಲಸ. ಚಿಗುರು ಚಿವುಟಬೇಕು, ಬೀಜ ಹೆಕ್ಕಬೇಕು, ಎಲೆ ಮಗುಚಿ ಹುಳ ಹುಡುಕಬೇಕು. ಹುಲ್ಲಿನ ನೆಲದಲ್ಲಿ ಅಷ್ಟಾದರೂ ಸಿಗುತ್ತದೆ. ಜಲ್ಲಿಯಲ್ಲಿ ಬೆರಳಿಗೆ ಸಿಗುವುದೇನು? ಪಕ್ಕದವರ ಮೈ. ನಾವು ಹೇನು ಹೆಕ್ಕುವುದು ಅನ್ನುತ್ತೇವಲ್ಲ, ಅದು ಮಂಗಗಳಿಗೆ ಬರೀ ಸ್ವಚ್ಛತೆಯಲ್ಲ, ಸ್ನೇಹ, ರಾಜಿ, ಲಂಚ ಎಲ್ಲವೂ ಹೌದು. ಅದೇ ಜಾಸ್ತಿಯಾದರೆ ಕೂದಲು ಸವೆಯುತ್ತದೆ. ಕೀಳುವ ಚಟ ಅಂತ ಯಾರೂ ಬರೆದುಕೊಳ್ಳದೆ, ಪ್ರೀತಿಯಿಂದಲೇ ಬೋಳಾಗುವುದು ಹೀಗೆ.

ಇನ್ನು ಬಸಿರು ಮತ್ತು ಋತು. ಹೆಣ್ಣು ರೀಸಸ್‌ಗಳಲ್ಲಿ ಬಸುರಿಯಾದಾಗ ಕೂದಲು ತೆಳುವಾಗುತ್ತದೆ, ಹೆತ್ತು ಕೆಲವು ತಿಂಗಳಿಗೆ ಮರಳಿ ಬರುತ್ತದೆ. ನಮ್ಮಲ್ಲಿ ಬಾಣಂತಿಯರಿಗೆ ತಲೆ ಬಾಚಿದರೆ ಹಿಡಿ ಹಿಡಿ ಬರುತ್ತಲ್ಲ, ಅದರ ದೂರದ ಸಂಬಂಧಿ ಅನ್ನಬಹುದು. ಇದರ ಜೊತೆಗೆ ವರ್ಷಕ್ಕೊಮ್ಮೆ ಹಳೆಯ ಕೂದಲು ಉದುರಿ ಹೊಸದು ಬರುವ ಕಾಲವೂ ಇದೆ. ಆ ಹೊತ್ತಿಗೆ ಮೊದಲು ತೆಗೆದ ಫೋಟೊ ಒಂದು ಕಥೆ ಹೇಳುತ್ತದೆ, ಆಮೇಲೆ ತೆಗೆದದ್ದು ಇನ್ನೊಂದು. ಆಹಾರದಲ್ಲಿ ಸತು ಕಮ್ಮಿಯಾದರೆ, ಥೈರಾಯ್ಡ್ ಕೆಟ್ಟರೆ, ಕಜ್ಜಿಯ ಹುಳು ಹತ್ತಿದರೆ ಕೂಡ ಕೂದಲು ಹೋಗುತ್ತದೆ. ಇವು ರಕ್ತಪರೀಕ್ಷೆ, ಚರ್ಮದ ಪರೀಕ್ಷೆಗಳಲ್ಲಿ ಸಿಕ್ಕಿಬೀಳುತ್ತವೆ.

ಬೋಳು ಹುಟ್ಟುಗುಣವೇ ಆಗಿರುವವೂ ಇವೆ. ಮೋಟು ಬಾಲದ ಮಕಾಕ್ ಎಂಬ ಜಾತಿಯ ಹಣೆ ವಯಸ್ಸಿಗೆ ಬಂದ ಮೇಲೆ ಹಿಂದೆ ಸರಿಯುತ್ತಾ ಹೋಗುತ್ತದೆ, ಗಂಡು ಹೆಣ್ಣು ಎರಡಕ್ಕೂ. ಗಂಡಸರ ತಲೆಬೋಳಿಗೆ ಹಚ್ಚುವ ಮಿನಾಕ್ಸಿಡಿಲ್ ಅನ್ನು ಈ ಮಂಗಗಳ ನೆತ್ತಿಯ ಮೇಲೂ ಪರೀಕ್ಷಿಸಿದ್ದಾರೆ. ನಮ್ಮ ಊರಿನ ಕೋತಿಯ ನೆತ್ತಿಯಲ್ಲಿ ಬೈತಲೆ ತೆಗೆದ ಟೋಪಿಯಂಥ ಕೂದಲಿದೆ, ಹಣೆ ಬರಿದು. ಅದನ್ನೂ ರೋಗ ಅಂತ ತೋರಿಸುವವರನ್ನು ನಾನು ನೋಡಿದ್ದೇನೆ. ಚಿಂಪಾಂಜಿ ಮಂಗವಲ್ಲ, ಆದರೂ ಮೈಸೂರು ಮೃಗಾಲಯದಲ್ಲಿದ್ದ ಗುರು ನೆನಪಾಗುತ್ತದೆ. ಮೈಮೇಲೆ ಹೆಚ್ಚು ಕಡಿಮೆ ಕೂದಲೇ ಇಲ್ಲದ ಅವನ ಚಿತ್ರ ಇಂಟರ್ನೆಟ್ಟಿನಲ್ಲಿ ಊರೂರು ಸುತ್ತಿತು. ಅಮೆರಿಕದ ಸೇಂಟ್ ಲೂಯಿ ಮೃಗಾಲಯದ ಸಿಂಡರ್ ಎಂಬ ಚಿಂಪಾಂಜಿಯೂ ಹಾಗೇ ಇದ್ದಳು, ಮರಿಯಾಗಿದ್ದಾಗಲೇ ಕೂದಲು ಹೋಗಿತ್ತು. ಅಲ್ಲಿನ ವೈದ್ಯರು ಹೇಳಿದ ಕಾರಣ ಅಲೋಪೇಶಿಯಾ ಏರಿಯೇಟಾ. ದೇಹದ ರಕ್ಷಣಾ ಪಡೆಯೇ ಕೂದಲ ಬುಡದ ಮೇಲೆ ಬೀಳುವುದು. ಮನುಷ್ಯರಲ್ಲಿ ಗಡ್ಡದಲ್ಲೋ ತಲೆಯಲ್ಲೋ ನಾಣ್ಯದಷ್ಟು ಬೋಳಾದರೆ ನಮ್ಮ ಕಡೆ ಹುಳ ತಿಂದಿದೆ ಅನ್ನುತ್ತಾರಲ್ಲ, ಅದೇ. ಅಲ್ಲೂ ಹುಳ ಇಲ್ಲ. ಪಾಪ, ಹುಳಕ್ಕೂ ನಮ್ಮಿಂದ ಬಿಡುಗಡೆಯಿಲ್ಲ.

ಕಾರಣ ತಪ್ಪಾದರೆ ಏನು ಮಹಾ, ಒಂದಿಷ್ಟು ಮುಲಾಮು ಹಚ್ಚಿದರಾಯಿತು ಅನ್ನಿಸಬಹುದು. ಮಂಗಕ್ಕೆ ಮುಲಾಮು ಹಚ್ಚುವುದನ್ನು ಒಮ್ಮೆ ಊಹಿಸಿಕೊಳ್ಳಿ. ಹಚ್ಚಲು ಅದನ್ನು ಹಿಡಿಯಬೇಕು, ಎಷ್ಟೋ ಸಲ ಕೆಟಮೀನ್ ಚುಚ್ಚಿ ಮಲಗಿಸಬೇಕು. ಎಚ್ಚರವಾದ ಮೇಲೆ ಮೊದಲ ಕೆಲಸ ಹಚ್ಚಿದ್ದನ್ನು ನೆಕ್ಕುವುದು. ಬಿಟ್ಟದ್ದನ್ನು ಗೆಳತಿ ಬಂದು ಒರೆಸಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಚಿಕಿತ್ಸೆಗಾಗಿ ಗುಂಪಿನಿಂದ ಬೇರೆ ಮಾಡಿದರೆ ಅದೇ ಒಂದು ಒತ್ತಡ. ವಾಪಸು ಬಿಟ್ಟಾಗ ಅದರ ಜಾಗವನ್ನು ಇನ್ಯಾರೋ ಹಿಡಿದಿರುತ್ತಾರೆ, ಜಗಳ ಆಗುತ್ತದೆ.

ಬಾಯಿಗೆ ಕೊಡುವ ಔಷಧಿಯೂ ಸುಮ್ನೆ ಅಲ್ಲ. ಗ್ರೈಸಿಯೋಫಲ್ವಿನ್ 1939ರಲ್ಲಿ ಸಿಕ್ಕ ಹಳೆಯ ಮದ್ದು. ಬಾಯಿ ಮೂಲಕ ಕೊಟ್ಟರೆ ಹುಳುಕಡ್ಡಿ ವಾಸಿಯಾಗುತ್ತದೆ ಅಂತ 1958ರಲ್ಲಿ ಗಿನಿ ಇಲಿಗಳಲ್ಲಿ ತೋರಿಸಿದರು. ಬಾಳೆಹಣ್ಣಿನಲ್ಲಿಟ್ಟು ವಾರಗಟ್ಟಲೆ ಕೊಡಬೇಕು. ಆದರೆ ಬಸುರಿಗೆ ಕೊಡಲೇಬಾರದು, ಹೊಟ್ಟೆಯಲ್ಲಿರುವ ಮರಿಗೆ ಊನ ಆಗಬಹುದು. ಈಗ ಎರಡನ್ನೂ ಜೋಡಿಸಿ ನೋಡಿ. ಕೂದಲು ತೆಳುವಾಗುವುದು ಬಸುರಿ ಹೆಣ್ಣುಗಳಲ್ಲಿ. ಪರೀಕ್ಷೆ ಮಾಡದೆ ಫಂಗಸ್ ಅಂತ ಔಷಧಿ ಶುರು ಮಾಡಿದರೆ ಅದು ಹೋಗಿ ತಲುಪುವುದು ಯಾರಿಗೆ ತಲುಪಬಾರದೋ ಅವರಿಗೇ.

ಪರೀಕ್ಷೆಯಿಲ್ಲದೆ ಹಚ್ಚಿದರೆ ಏನಾಗುತ್ತದೆ ಅನ್ನುವುದಕ್ಕೆ ನಾವು ಮಂಗಗಳವರೆಗೂ ಹೋಗಬೇಕಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುವ ಸ್ಟೆರಾಯ್ಡ್ ಬೆರೆತ ಕ್ರೀಮುಗಳನ್ನು ಹಚ್ಚಿ ಹಚ್ಚಿ, ಮನುಷ್ಯರ ಹುಳುಕಡ್ಡಿಯೇ ಈಗ ಭಾರತದಲ್ಲಿ ಹಟಮಾರಿಯಾಗಿದೆ. ಟರ್ಬಿನಾಫಿನ್ ಔಷಧಿಗೆ ಬಗ್ಗದ ತಳಿಯನ್ನು 2020ರಲ್ಲಿ ಜಪಾನಿನ ವಿಜ್ಞಾನಿಗಳು ಬೇರೆಯೇ ಜಾತಿ ಅಂತ ಗುರುತಿಸಿ ಟ್ರೈಕೋಫೈಟಾನ್ ಇಂಡೋಟಿನಿಯೇ ಅಂತ ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶ ಇದೆ. ಅದು ಮನುಷ್ಯರಿಂದ ಮನುಷ್ಯರಿಗೆ ಹಬ್ಬುತ್ತಿರುವ ಕಾಯಿಲೆ, ಮಂಗಗಳ ಪಾತ್ರವಿಲ್ಲ. ಆದರೆ ಬೋನಿನ ಒಳಗೆ ದಿನಾ ಕೈ ಹಾಕುವವರು ಮನುಷ್ಯರೇ ಅಲ್ವಾ? ಮಂಗನಿಂದ ಕಾವಲುಗಾರನಿಗೆ ಬಂತೇ ಅಂತ ಎಲ್ಲರೂ ಕೇಳುತ್ತಾರೆ. ಕಾವಲುಗಾರನ ಕೈಯಿಂದ ಮಂಗಕ್ಕೆ ಹೋಯಿತೇ ಅಂತಲೂ ಕೇಳಬೇಕು. ಮೈಕ್ರೋಸ್ಪೋರಮ್ ಕ್ಯಾನಿಸ್ ಸಿಕ್ಕರೆ ಕೇಳಬೇಕಾದ ಪ್ರಶ್ನೆ ಇನ್ನೊಂದು: ಇಲಿ ಹಿಡಿಯಲಿ ಅಂತ ಬಿಟ್ಟಿರುವ ಬೀದಿ ಬೆಕ್ಕುಗಳು ಎಲ್ಲಿ ಮಲಗುತ್ತವೆ? ಆ ಫಂಗಸ್‌ನ ಮೂಲಮನೆ ಬೆಕ್ಕು. ಅದರ ಬೀಜಕಗಳು ಉದುರಿದ ಕೂದಲಿನಲ್ಲಿ ಒಂದು ವರ್ಷಕ್ಕೂ ಮೇಲೆ ಬದುಕಿರಬಲ್ಲವು. ಬೋನು, ಹಗ್ಗ, ಗೋಣಿಚೀಲ, ಪೊರಕೆ ಎಲ್ಲ ತೊಳೆಯದೆ ಬರೀ ಮಂಗಕ್ಕೆ ಔಷಧಿ ಕೊಟ್ಟರೆ ಮೂರು ತಿಂಗಳಿಗೆ ಕಥೆ ಮತ್ತೆ ಶುರು.

ನಮ್ಮ ಮೃಗಾಲಯಗಳು ಇದಕ್ಕೆ ಕೋಟಿಗಟ್ಟಲೆ ಖರ್ಚು ಮಾಡಬೇಕಿಲ್ಲ. ಮುದ್ದೆ ಮಾಡಿ ತಟ್ಟೆಗೆ ಹಾಕುವ ಬದಲು ಕಾಳನ್ನು ಒಣಹುಲ್ಲಿನಲ್ಲಿ ಎರಚಿದರೆ ಐದು ನಿಮಿಷದ ಊಟ ಎರಡು ಗಂಟೆಯ ಕೆಲಸ ಆಗುತ್ತದೆ. ಸಿಮೆಂಟು ನೆಲದ ಒಂದು ಮೂಲೆಗಾದರೂ ಮಣ್ಣು, ಹುಲ್ಲು ಬರಲಿ. ಎಲ್ಲಕ್ಕಿಂತ ಮೊದಲು ಬೇಕಾಗಿರುವುದು ಒಂದು ಪುಸ್ತಕ. ಪ್ರತಿ ತಿಂಗಳು ಒಂದೇ ಕೋನದಿಂದ ಪ್ರತಿ ಮಂಗನ ಒಂದು ಫೋಟೊ, ಮೈಯಲ್ಲಿ ಎಷ್ಟು ಪಾಲು ಬೋಳು ಅನ್ನುವ ಒಂದು ಅಂದಾಜು, ಬಸುರಿಯೇ, ಜೊತೆಗಾರ ಬದಲಾದನೇ ಅನ್ನುವ ಒಂದು ಸಾಲು. ಎರಡು ವರ್ಷದ ಇಂಥ ಪುಸ್ತಕ ಇದ್ದರೆ ಅರ್ಧ ಪರೀಕ್ಷೆಗಳೇ ಬೇಕಾಗದೆ ಹೋಗಬಹುದು.

ಅವತ್ತು ಜನ ಕರಗಿದ ಮೇಲೆ ಬೋನಿನ ಕೀಪರ್ ಬಂದರು, ವಯಸ್ಸಾದವರು, ಕೈಯಲ್ಲಿ ಕಡಲೆಕಾಯಿ ಬುಟ್ಟಿ. ಆ ಕೋತಿಗೆ ಏನಾಗಿದೆ ಅಂತ ಕೇಳಿದೆ.

"ಏನಾಗಿದೆ? ಬಸುರಿ ಸಾರ್ ಅದು. ಶಿವರಾತ್ರಿ ಆಸುಪಾಸಿಗೆ ಮರಿ ಹಾಕುತ್ತೆ. ಮಳೆಗಾಲ ಮುಗಿಯೋ ಹೊತ್ತಿಗೆ ಬನ್ನಿ, ಮೈ ತುಂಬಾ ಕೂದಲು ಬಂದಿರುತ್ತೆ. ಹೋದ ಸಲಾನೂ ಹಿಂಗೇ ಆಗಿತ್ತು."

"ಮತ್ತೆ ಕಿತ್ತುಕೊಳ್ತಾ ಇತ್ತಲ್ಲ?"

"ಉದುರೋ ಕೂದಲು ಸಾರ್, ಕೈಗೆ ಬರುತ್ತೆ. ನಾವು ಎಳೆಯಲ್ವಾ?"

ಇದನ್ನೆಲ್ಲ ಎಲ್ಲಾದರೂ ಬರೆದಿಟ್ಟಿದ್ದೀರಾ ಅಂದೆ. ಅವರು ನಕ್ಕರು. "ಬರೆಯೋದೇನು ಸಾರ್, ಗೊತ್ತಿರುತ್ತಲ್ಲ," ಅಂದು ಕಡಲೆಕಾಯಿ ಎರಚುತ್ತಾ ಮುಂದೆ ಹೋದರು. ಇನ್ನೆಷ್ಟು ವರ್ಷ ಇದೆ ನಿಮ್ಮ ಸರ್ವಿಸು ಅಂತ ಕೂಗಿ ಕೇಳಿದೆ.

"ಈ ಮಾರ್ಚಿಗೆ ಮುಗೀತು."